ಚಳ್ಳಕೆರೆಯ ಕಾವಲು: ಫಿರಂಗಿ ಎಳೆದ ಎತ್ತಿನಿಂದ ಪುಷ್ಪಕದವರೆಗೆ

ಚಿತ್ರದುರ್ಗ ಜಿಲ್ಲೆಯೊಳಗೆ ಎರಡು ನಾಡುಗಳಿವೆ. ಪಡುವಣದ ಹೊಳಲ್ಕೆರೆ, ಹೊಸದುರ್ಗದ ಕಡೆ ತೆಂಗು, ಅಡಿಕೆಯ ತೋಟಗಳು ಕಾಣುತ್ತವೆ. ಹಿರಿಯೂರು ದಾಟಿ ಬಳ್ಳಾರಿ ರಸ್ತೆಯಲ್ಲಿ ಬಡಗಣಕ್ಕೆ ಹೋದಂತೆ ಮರ ಕಡಿಮೆಯಾಗುತ್ತದೆ, ಬಯಲು ಹಿಗ್ಗುತ್ತದೆ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲೊಂದು. ಶೇಂಗಾ, ಕುರಿ, ಕಂಬಳಿ ಅಲ್ಲಿನ ಬದುಕು. ಶೇಂಗಾದಿಂದಲೇ ಆ ಊರಿಗೆ ಎಣ್ಣೆ ನಗರವೆಂಬ ಹೆಸರು ಬಂತು. ಕುರಿಯಿಂದ ಕಂಬಳಿ ನೇಯ್ಗೆ ಬೆಳೆಯಿತು. ಕುರಿಗೆ ಬೇಕಾದದ್ದು ಹುಲ್ಲು. ಆ ಹುಲ್ಲು ಶತಮಾನಗಳಿಂದ ಬೆಳೆಯುತ್ತಿದ್ದುದು ವರವು, ಕುದಾಪುರ, ಉಳ್ಳಾರ್ತಿ ಮುಂತಾದ ಅಮೃತಮಹಲ್ ಕಾವಲುಗಳಲ್ಲಿ.

ಇಂದು ಆ ಕಾವಲುಗಳ ಬಹುಭಾಗ ಕಾಂಪೌಂಡಿನೊಳಗಿದೆ. ಒಳಗೆ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿಆರ್‌ಡಿಒ) ರನ್‌ವೇ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ, ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಇಸ್ರೋಗೆ ಕೊಟ್ಟ ಜಮೀನಿದೆ. ಜಿಲ್ಲೆಯ ಜನ ಇದನ್ನು ವಿಜ್ಞಾನ ನಗರಿ ಎನ್ನುತ್ತಾರೆ. ಸೇನೆಗಾಗಿ ಕಾಯ್ದಿಟ್ಟ ಹುಲ್ಲುಗಾವಲು ಸಂಶೋಧನೆಯ ನೆಲವಾದದ್ದು ಒಂದೆರಡು ವರ್ಷಗಳ ಕಡತದ ಓಡಾಟದಲ್ಲಿ. ಅದರ ಹಿಂದಿನ ಚರಿತ್ರೆಗೆ ಮುನ್ನೂರು ವರ್ಷಕ್ಕೂ ಮೀರಿದ ವಯಸ್ಸು.

ಬೆಣ್ಣೆ ಚಾವಡಿಯಿಂದ ಅಮೃತಮಹಲಿಗೆ

ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿದ್ದ ಹಳ್ಳಿಕಾರ್ ಹಸುಗಳು 17ನೇ ಶತಮಾನದ ಆರಂಭದಲ್ಲಿ ಮೈಸೂರು ಒಡೆಯರ ಕೈಗೆ ಬಂದವು. ಆ ಹಿಂಡಿಗೆ ಕರುಹಟ್ಟಿ ಎಂಬ ಹೆಸರಿತ್ತು. ಅದೇ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರು ಅದನ್ನು ಒಂದು ಇಲಾಖೆಯಾಗಿ ಕಟ್ಟಿ ಬೆಣ್ಣೆ ಚಾವಡಿ ಎಂದು ಕರೆದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ರಾಜ್ಯದ ಬೇರೆಬೇರೆ ಕಡೆ ದನ ಮೇಯಲು ಕಾವಲುಗಳನ್ನು ಗೊತ್ತುಮಾಡಿದ್ದೂ ಆ ಕಾಲದಲ್ಲೇ.

ಹೈದರಾಲಿ ಆ ಹಸುಗಳಲ್ಲಿ ಇನ್ನೊಂದು ಉಪಯೋಗವನ್ನು ಕಂಡ. ಅವನ ಕಾಲದ ಯುದ್ಧ ಫಿರಂಗಿಯ ಯುದ್ಧ. ಫಿರಂಗಿ, ಮದ್ದುಗುಂಡು, ಅಕ್ಕಿಮೂಟೆ ಎಲ್ಲವನ್ನೂ ಎಳೆಯಬೇಕಾದದ್ದು ಎತ್ತುಗಳು. ಎತ್ತು ನಿಧಾನವಾದರೆ ಸೇನೆಯೂ ನಿಧಾನ. ಪಾಳೇಗಾರರನ್ನು ಒಬ್ಬೊಬ್ಬರನ್ನಾಗಿ ಗೆಲ್ಲುತ್ತ ಬಂದ ಹೈದರ್ ಅವರ ದನಗಳನ್ನೂ ತನ್ನ ಹಿಂಡಿಗೆ ಸೇರಿಸಿಕೊಂಡ. 1779ರಲ್ಲಿ ಚಿತ್ರದುರ್ಗದ ಮದಕರಿನಾಯಕನ ಕೋಟೆಯೂ ಅವನ ವಶವಾಯಿತು. ಅಮೃತಮಹಲ್ ತಳಿಯೊಳಗೆ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಗಳನ್ನು ಹಳೆಯ ಗೆಜೆಟಿಯರುಗಳು ಗುರುತಿಸುತ್ತವೆ. ದುರ್ಗದ ನೆಲದ ರಾಸುಗಳ ರಕ್ತ ಹೀಗೆ ಮೈಸೂರಿನ ಸೇನೆಯಲ್ಲಿ ಬೆರೆಯಿತು.

ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತಮಹಲ್ ಎಂಬ ಹೆಸರಿಟ್ಟ. ದನಗಳ ಪಾಲನೆ, ತಳಿ, ಎಣಿಕೆಯ ಬಗ್ಗೆ ಹುಕುಂನಾಮೆ ಹೊರಡಿಸಿದ. ಹಿಂಡು ಕಾಯುವ ಸೇರ್ವೇಗಾರರು ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಕಾವಲಿಗೆ ದನ ಹೊಡೆದುಕೊಂಡು ಹೋಗುತ್ತಿದ್ದರು. ಕೆರೆಯಂಗಳದಲ್ಲಿ ಹಸಿರು ಉಳಿಯುವ ಜಾಗಗಳು ಬೇಸಿಗೆಗೆ ಮೀಸಲು. ಹುಲ್ಲು ಮತ್ತೆ ಚಿಗುರಲು ಬಿಡುವು ಕೊಡುವ ಈ ಸುತ್ತಾಟವೇ ಕಾವಲುಗಳನ್ನು ಉಳಿಸಿತು. ಆ ದಿನಗಳಲ್ಲಿ ಕಾವಲುಗಳ ವಿಸ್ತಾರ ನಾಲ್ಕು ಲಕ್ಷ ಎಕರೆ ದಾಟಿತ್ತು.

ಈ ಎತ್ತುಗಳ ವೇಗ ಬ್ರಿಟಿಷ್ ಬರಹಗಾರರನ್ನೇ ಬೆರಗುಗೊಳಿಸಿತ್ತು. ಚಿದಂಬರಂ ಕಡೆಗೆ ನೆರವಿಗೆ ಹೋಗಲು ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು, ಜನರಲ್ ಮೆಡೋಸ್‌ನ ಎದುರು ಟಿಪ್ಪು ಎರಡು ದಿನದಲ್ಲಿ 63 ಮೈಲಿ ಸಾಗಿದ್ದು ಅಮೃತಮಹಲ್ ಎತ್ತುಗಳ ಬಲದಿಂದ ಎಂದು ಗೆಜೆಟಿಯರುಗಳು ದಾಖಲಿಸಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಗೆದ್ದವರ ಪಾಲಾಯಿತು. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲಿನ 1803ರ ದಂಡಯಾತ್ರೆಯಲ್ಲಿ ಇವೇ ಎತ್ತುಗಳನ್ನು ನೆಚ್ಚಿಕೊಂಡಿದ್ದ.

ಈ ವ್ಯವಸ್ಥೆಯ ಹಿರಿಮೆ ಯಾರಿಗೆ ಸಲ್ಲಬೇಕೆಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಒಡೆಯರ ಕಾಲದ ಅಡಿಪಾಯವನ್ನು ಕೆಲವರು ಎತ್ತಿ ಹಿಡಿದರೆ, ಹೈದರ್ ಮತ್ತು ಟಿಪ್ಪು ಕೊಟ್ಟ ಸೇನಾ ರೂಪವೇ ಮುಖ್ಯವೆಂದು ಇನ್ನು ಕೆಲವರು ವಾದಿಸುತ್ತಾರೆ. ಎರಡು ಪಕ್ಷವೂ ಒಪ್ಪುವ ಮಾತೆಂದರೆ, ಈ ನೆಲ ದನ ಮೇಯಲೆಂದೇ ಸರ್ಕಾರದ ಹೆಸರಿನಲ್ಲಿ ಉಳಿಯಿತು.

ದಂಡಿನಿಂದ ಪಶುಪಾಲನೆಗೆ

ಹೊಸ ಆಡಳಿತದ ಮೊದಲ ವರ್ಷಗಳಲ್ಲಿ ತಳಿ ಸೊರಗಿತು. 1813ರಲ್ಲಿ ಮದರಾಸು ಸೇನೆಯ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವೆ ಅದರ ಹೊಣೆ ಹೊತ್ತ ಮೇಲೆ ಚೇತರಿಸಿಕೊಂಡಿತು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಕಾಲದಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಲಾಯಿತು. ಒಳ್ಳೆಯ ಎತ್ತು ಸಿಗದೆ ಸೇನೆಗೆ ಪೆಟ್ಟು ಬಿದ್ದಾಗ ತಪ್ಪು ಅರಿವಾಗಿ 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಿದರು. ಆರೇ ವರ್ಷದಲ್ಲಿ ಸರ್ಕಾರವೊಂದು ತನ್ನ ಆದೇಶವನ್ನು ತಾನೇ ತಿರುಗಿಸಿದ ಈ ಪ್ರಸಂಗ ಕಾವಲುಗಳ ಚರಿತ್ರೆಯಲ್ಲಿ ಒಂದು ಎಚ್ಚರಿಕೆ. ಕಾಯ್ದು ಬೆಳೆಸಿದ್ದನ್ನು ಕೈಬಿಡುವುದು ಒಂದು ರುಜುವಿನ ಕೆಲಸ, ಮತ್ತೆ ಕೂಡಿಸುವುದು ತಲೆಮಾರಿನ ಕೆಲಸ.

ಮೈಸೂರು ಮತ್ತೆ ಒಡೆಯರಿಗೆ ಬಂದ ಮೇಲೆ, 1882ರಲ್ಲಿ, ಅಮೃತಮಹಲ್ ಸಂಸ್ಥಾನದ ಸರ್ಕಾರಕ್ಕೆ ಸೇರಿತು. 1923ರಲ್ಲಿ ಸೇನಾ ಇಲಾಖೆಯಿಂದ ಕೃಷಿ ಇಲಾಖೆಗೆ, ಮುಂದೆ ಪಶುಸಂಗೋಪನೆ ಇಲಾಖೆಗೆ ಹೋಯಿತು. ರೈಲು ಮತ್ತು ಮೋಟಾರು ಬಂದ ಮೇಲೆ ಫಿರಂಗಿ ಎಳೆಯಲು ಎತ್ತು ಬೇಕಿರಲಿಲ್ಲ. ಅಜ್ಜಂಪುರದ ಕೇಂದ್ರದಲ್ಲಿ ತಳಿ ಉಳಿಯಿತು. ಕಾವಲುಗಳು ಮಾತ್ರ ಕರಗುತ್ತ ಹೋದವು. ಹೆಚ್ಚು ಆಹಾರ ಬೆಳೆಯಿರಿ ಎಂಬ ಕರೆ ಬಂದಾಗ ಒಂದಷ್ಟು, ಭೂಮಿಯಿಲ್ಲದವರಿಗೆ ಹಂಚುವಾಗ ಒಂದಷ್ಟು, ಒತ್ತುವರಿಗೆ ಒಂದಷ್ಟು, ನೀಲಗಿರಿ ನೆಡುತೋಪಿಗೆ ಒಂದಷ್ಟು. ನಾಲ್ಕು ಲಕ್ಷ ಎಕರೆ ಇದ್ದದ್ದು ಲಕ್ಷಕ್ಕೂ ಕೆಳಗಿಳಿಯಿತು.

ಚಳ್ಳಕೆರೆಯ ಕಾವಲುಗಳು ಉಳಿದದ್ದಕ್ಕೆ ಕಾರಣವಿದೆ. ಮಳೆ ಇಲ್ಲದ ನೆಲವನ್ನು ಉಳಲು ಯಾರೂ ಮುಂದಾಗಲಿಲ್ಲ. ಸರ್ಕಾರದ ಹಿಂಡು ಕಡಿಮೆಯಾದಂತೆ ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನ ಅಲ್ಲಿ ಮೇಯತೊಡಗಿದವು. ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳಿಗೆ ಈ ಬಯಲು ಮೇವಿನ ಜಾಗವಷ್ಟೇ ಆಗಿರಲಿಲ್ಲ. ದೇವರೆತ್ತುಗಳ ಹಿಂಡನ್ನು ಕಿಲಾರಿಗಳು ಕಾಯುವ ಈ ಸೀಮೆಯಲ್ಲಿ ಹುಲ್ಲುಗಾವಲು ನಂಬಿಕೆಯ ಭಾಗವೂ ಹೌದು. ಕುರಿಯ ಉಣ್ಣೆಯಿಂದ ಕಂಬಳಿ, ಗೊಬ್ಬರದಿಂದ ಹೊಲ, ಒಣ ಕಟ್ಟಿಗೆಯಿಂದ ಒಲೆ ನಡೆಯುತ್ತಿದ್ದವು. ಸುಮಾರು ಅರವತ್ತು ಹಳ್ಳಿಗಳು ಒಂದಲ್ಲ ಒಂದು ಬಗೆಯಲ್ಲಿ ಈ ಕಾವಲುಗಳನ್ನು ನೆಚ್ಚಿಕೊಂಡಿದ್ದವು. ಹಕ್ಕುಪತ್ರ ಯಾರ ಕೈಯಲ್ಲೂ ಇರಲಿಲ್ಲ. ತಲೆಮಾರುಗಳ ರೂಢಿಯೇ ಅವರ ದಾಖಲೆ.

1907ರ ಎರಡು ಕೊಡುಗೆಗಳು

ವಿಜ್ಞಾನ ಸಂಸ್ಥೆಗೆ ನೆಲ ಕೊಟ್ಟು ಕರೆಸಿಕೊಳ್ಳುವುದು ಮೈಸೂರು ಸೀಮೆಗೆ ಹೊಸದಲ್ಲ. ಜೆಮ್‌ಶೆಟ್‌ಜಿ ಟಾಟಾ ತಮ್ಮ ಸಂಶೋಧನಾ ಸಂಸ್ಥೆಯನ್ನು ಎಲ್ಲಿ ಕಟ್ಟಬೇಕೆಂದು ಯೋಚಿಸುತ್ತಿದ್ದಾಗ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೇ ದೇಶ ಸುತ್ತಿ ಬೆಂಗಳೂರನ್ನು ಸೂಚಿಸಿದರು. ಆಗ ಮೈಸೂರಿನ ಆಡಳಿತ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅವರ ಕೈಯಲ್ಲಿತ್ತು. ಶೇಷಾದ್ರಿ ಅಯ್ಯರ್ ದಿವಾನರು. ನೆಲ ಮತ್ತು ಹಣ ಎರಡನ್ನೂ ಕೊಡಲು ಸಂಸ್ಥಾನ ಮುಂದಾಯಿತು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 371 ಎಕರೆ 16 ಗುಂಟೆ ನೆಲ ಕೊಟ್ಟಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಬೆಂಗಳೂರು ವಿಜ್ಞಾನದ ಊರಾದದ್ದರ ಬೇರು ಅಲ್ಲಿದೆ.

ಅದೇ 1907ರಲ್ಲಿ ಹಿರಿಯೂರಿನ ಬಳಿ ಮಾರಿಕಣಿವೆಯ ಅಣೆಕಟ್ಟು ಮುಗಿಯಿತು. ಅದರ ಕೆಲಸ 1898ರಲ್ಲಿ ಅದೇ ರೀಜೆಂಟ್ ಮಹಾರಾಣಿಯವರ ಆಡಳಿತದಲ್ಲಿ ಶುರುವಾಗಿತ್ತು, ಅವರ ಹೆಸರನ್ನೇ ಹೊತ್ತು ವಾಣಿವಿಲಾಸ ಸಾಗರವಾಯಿತು. ವೇದಾವತಿಗೆ ಅಡ್ಡ ಕಟ್ಟಿದ ಈ ಜಲಾಶಯ 30 ಟಿಎಂಸಿ ನೀರು ಹಿಡಿಯಬಲ್ಲದು. ಹೊಸದುರ್ಗದ ಕಡೆಗೆ ಅದರ ಹಿನ್ನೀರು, ಹಿರಿಯೂರಿನ ಕಡೆಗೆ ಅದರ ಕಾಲುವೆ.

ಒಂದೇ ಆಡಳಿತದ ಈ ಎರಡು ಕನಸುಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಚಿತ್ರದುರ್ಗದ ಮುಂದಿನ ನೂರು ವರ್ಷ ಅರ್ಥವಾಗುತ್ತದೆ. ಬೆಂಗಳೂರಿಗೆ ಸಂಸ್ಥೆ ಸಿಕ್ಕಿತು. ಅದರ ಹಿಂದೆ ಇನ್ನಷ್ಟು ಸಂಸ್ಥೆಗಳು, ಕಾರ್ಖಾನೆಗಳು, ಕೆಲಸಗಳು ಬಂದವು. ದುರ್ಗಕ್ಕೆ ನೀರಿನ ಭರವಸೆ ಸಿಕ್ಕಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ತುಂಬಿ ಹರಿಯಲು 2022ರವರೆಗೆ, 89 ವರ್ಷ, ಕಾಯಬೇಕಾಯಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಎಣಿಸಿದಾಗ ಹೊಸದುರ್ಗವೂ ಸೇರಿ ಈ ಜಿಲ್ಲೆಯ ಹಲವು ತಾಲೂಕುಗಳು ಆ ಪಟ್ಟಿಯಲ್ಲಿದ್ದವು. ತಮ್ಮ ಜಿಲ್ಲೆಗೂ ಒಂದು ದೊಡ್ಡ ಸಂಸ್ಥೆ ಬರಲಿ ಎಂದು ಜನ ಆಸೆಪಟ್ಟದ್ದು ಸಹಜ, ನ್ಯಾಯವೂ ಹೌದು.

ನೆಲ ತೋರಿಸುವ ಪೈಪೋಟಿ

ಕೇಂದ್ರದ ಸಂಸ್ಥೆ ಬರುತ್ತದೆಂದರೆ ಊರುಗಳು ಪೈಪೋಟಿಗಿಳಿಯುವುದನ್ನು ಕರ್ನಾಟಕ ಹಲವು ಸಲ ಕಂಡಿದೆ. 2015ರಲ್ಲಿ ಐಐಟಿಗಾಗಿ ಧಾರವಾಡ, ಮೈಸೂರು, ರಾಯಚೂರು ಹೆಸರುಗಳು ಮುಂದೆ ಬಂದವು. ಧಾರವಾಡಕ್ಕೆ ಐಐಟಿ ಸಿಕ್ಕಾಗ ರಾಯಚೂರಿನ ಜನ ಬೀದಿಗಿಳಿದರು. ಇಂಥ ಪೈಪೋಟಿಯಲ್ಲಿ ಒಂದು ಊರಿನ ಕೈಯಲ್ಲಿರುವ ದೊಡ್ಡ ಅಸ್ತ್ರ ಬಿಟ್ಟಿ ನೆಲ. ಖಾಸಗಿ ಜಮೀನಾದರೆ ಪರಿಹಾರ ಕೊಡಬೇಕು, ರೈತರು ಕೋರ್ಟಿಗೆ ಹೋಗುತ್ತಾರೆ, ವರ್ಷಗಳು ಉರುಳುತ್ತವೆ. ಸರ್ಕಾರಿ ಜಮೀನಾದರೆ ಒಂದು ಆದೇಶ ಸಾಕು.

ಆ ಲೆಕ್ಕದಲ್ಲಿ ಚಳ್ಳಕೆರೆಗೆ ಸಾಟಿಯಿರಲಿಲ್ಲ. ಸಾವಿರಾರು ಎಕರೆ ಒಂದೇ ಕಡೆ, ಅದೂ ಸರ್ಕಾರದ ಹೆಸರಿನಲ್ಲಿ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ವರ್ಷದ ಬಹುಪಾಲು ಮೋಡವಿಲ್ಲದ ಆಕಾಶ, ಸಮತಟ್ಟಾದ ನೆಲ, ವಿರಳ ಜನವಸತಿ. ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡಲು ಡಿಆರ್‌ಡಿಒಗೆ ಇಂಥದೇ ಜಾಗ ಬೇಕಿತ್ತು. ನೂರು ವರ್ಷ ತುಂಬುತ್ತಿದ್ದ ವಿಜ್ಞಾನ ಸಂಸ್ಥೆಗೆ ಬೆಂಗಳೂರಿನ ಕ್ಯಾಂಪಸ್ಸು ಇಕ್ಕಟ್ಟಾಗಿತ್ತು. ರಾಜ್ಯದಲ್ಲಿ ಆಗ ಬಿ.ಎಸ್. ಯಡಿಯೂರಪ್ಪ ಅವರ ಸರ್ಕಾರ. 2009ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದ ಜನಾರ್ದನ ಸ್ವಾಮಿ ಸ್ವತಃ ತಂತ್ರಜ್ಞರು. ವಿಜ್ಞಾನ ನಗರಿಯ ಕನಸನ್ನು ಅವರು ಬಹಿರಂಗವಾಗಿ ಬೆಂಬಲಿಸಿದರು.

2008ರ ಕೊನೆಯಿಂದ 2010ರ ಕೊನೆಯವರೆಗೆ ಆದೇಶಗಳು ಒಂದರ ಹಿಂದೊಂದು ಹೊರಬಿದ್ದವು. ಡಿಆರ್‌ಡಿಒಗೆ ವರವು ಕಾವಲಿನ ಕಡೆ 4,290 ಎಕರೆ. ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ, ಅಂದರೆ 1907ರಲ್ಲಿ ಕೊಟ್ಟದ್ದರ ನಾಲ್ಕು ಪಟ್ಟು. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಉಳ್ಳಾರ್ತಿ ಕಾವಲಿನಲ್ಲಿ 1,810 ಎಕರೆ. ಇಸ್ರೋಗೆ 573 ಎಕರೆ. ಖಾಸಗಿ ಸೌರ ವಿದ್ಯುತ್ ಕಂಪನಿಯೊಂದಕ್ಕೆ 1,250 ಎಕರೆ. ಒಟ್ಟು ಸೇರಿಸಿದರೆ ಒಂಬತ್ತು ಸಾವಿರ ಎಕರೆಗೂ ಮೀರುತ್ತದೆ.

ನೆರೆಯ ಜಿಲ್ಲೆಯಲ್ಲೂ ಇದೇ ನಡೆಯಿತು. ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ 2023ರಲ್ಲಿ ಉದ್ಘಾಟನೆಯಾಯಿತು. ದೊಡ್ಡ ಯೋಜನೆಗೆ ನೆಲ ಬೇಕೆಂದಾಗ ಅಧಿಕಾರಿಗಳ ಕಣ್ಣು ಮೊದಲು ಹೋಗುವುದು ಕಾವಲುಗಳ ಕಡೆಗೆ ಎಂಬುದು ಅಷ್ಟರಲ್ಲಿ ಖಚಿತವಾಗಿತ್ತು.

ಬೇಲಿ ಎದ್ದಾಗ

ಕಡತಗಳು ಓಡಾಡುತ್ತಿದ್ದಾಗ ಕಾವಲಿನಲ್ಲಿ ಕುರಿ ಮೇಯುತ್ತಲೇ ಇದ್ದವು. ನೆಲ ಕೈಬಿಟ್ಟಿದೆಯೆಂದು ತಮಗೆ ಗೊತ್ತಾದದ್ದು ಬೇಲಿ, ಗೋಡೆ ಏಳತೊಡಗಿದಾಗ ಎಂಬುದು ದೊಡ್ಡ ಉಳ್ಳಾರ್ತಿ ಮತ್ತು ಸುತ್ತಲ ಹಳ್ಳಿಗಳ ಜನರ ಮುಖ್ಯ ದೂರು. ಗ್ರಾಮಸಭೆಗಳನ್ನು ಕೇಳಲಿಲ್ಲ, ಎಷ್ಟು ಕುರಿ ಎಲ್ಲಿ ಮೇಯುತ್ತವೆಂದು ಯಾರೂ ಎಣಿಸಲಿಲ್ಲ ಎಂದು ಅವರು ಹೇಳಿದರು. ಹೊಲ ಕಳೆದುಕೊಂಡವನಿಗೆ ಪಹಣಿ ತೋರಿಸಿ ಪರಿಹಾರ ಕೇಳಲು ಬರುತ್ತದೆ. ಮೇವು ಕಳೆದುಕೊಂಡವನ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ.

ಗೋಡೆ ಹುಲ್ಲನ್ನು ಮಾತ್ರ ಒಳಗೆ ಹಾಕಲಿಲ್ಲ. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗುವ ಹಳೆಯ ದಾರಿಗಳು, ದನ ನೀರು ಕುಡಿಯುವ ಕಟ್ಟೆಗಳು, ಹರಕೆ ಹೊತ್ತ ದೇವರ ಗುಡಿಗಳು ಒಳಗುಳಿಯುವ ಭಯ ಎದ್ದಿತು. ಮೇವಿಲ್ಲದೆ ಕುರಿ ಮಾರುವ ಮಾತು ಬಂತು. ಕುರಿ ಹೋದರೆ ಕಂಬಳಿ ಮಗ್ಗವೂ ನಿಲ್ಲುತ್ತದೆ. ಊರಿಗೆ ಬರುವ ಕ್ಯಾಂಪಸ್ಸಿನಲ್ಲಿ ಕುರಿಗಾಹಿಗೆ ಸಿಗಬಹುದಾದ ಕೆಲಸ ಕಾವಲುಗಾರನದೋ ತೋಟದ ಕೂಲಿಯದೋ ಎಂಬ ನೋವು ಆ ಹಳ್ಳಿಗಳಲ್ಲಿತ್ತು. ಹಳ್ಳಿಗರು ಅಮೃತಮಹಲ್ ಕಾವಲು ಹಿತರಕ್ಷಣಾ ಹೋರಾಟ ಸಮಿತಿ ಕಟ್ಟಿಕೊಂಡರು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನ ಲಿಯೋ ಸಲ್ಡಾನ ಜೊತೆಯಾದರು.

2013ರಲ್ಲಿ ಸಮಿತಿಯ ಮತ್ತು ಸಲ್ಡಾನ ಅವರ ಅರ್ಜಿಗಳು ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ಮುಂದೆ ಬಂದವು. ಮಂಡಳಿ ಇಬ್ಬರು ತಜ್ಞರನ್ನು ಸ್ಥಳಕ್ಕೆ ಕಳಿಸಿ ಸತ್ಯಶೋಧನೆ ಮಾಡಿಸಿತು. ಅಲ್ಲಿ ಎದುರಾದ ವಾದಗಳು ಇಂದಿಗೂ ಮುಗಿದಿಲ್ಲ. ಕಾವಲುಗಳು ಅರಣ್ಯ ಕಾನೂನಿನಡಿ ಜಿಲ್ಲಾ ಅರಣ್ಯಗಳು, ಆದ್ದರಿಂದ ಬೇರೆ ಉದ್ದೇಶಕ್ಕೆ ಕೊಡಲು ಕೇಂದ್ರದ ಅನುಮತಿ ಬೇಕು, 2006ರ ಅರಣ್ಯ ಹಕ್ಕು ಕಾಯ್ದೆ ಮೇವಿನ ಹಕ್ಕನ್ನೂ ಮನ್ನಿಸುತ್ತದೆ ಎಂದು ಅರ್ಜಿದಾರರು ವಾದಿಸಿದರು. ಇದು ಸರ್ಕಾರದ ಕಂದಾಯ ಭೂಮಿ, ಬರಡು ನೆಲ, ದೇಶದ ರಕ್ಷಣೆ ಮತ್ತು ವಿಜ್ಞಾನಕ್ಕೆ ಕೊಟ್ಟದ್ದು ಸರಿ ಎಂಬುದು ಸರ್ಕಾರದ ನಿಲುವು.

ಬರಡು ಎಂಬ ಮಾತಿನ ಸುತ್ತ ವಿದ್ವಾಂಸರ ಜಗಳವೂ ಇದೆ. ಮರವಿಲ್ಲದ ನೆಲವೆಲ್ಲ ಹಾಳಾದ ಕಾಡು ಎಂಬ ಹಳೆಯ ತಿಳಿವಳಿಕೆಯನ್ನು ಪರಿಸರ ವಿಜ್ಞಾನಿಗಳು ಈಗ ಒಪ್ಪುವುದಿಲ್ಲ. ಒಣ ಸೀಮೆಯ ಹುಲ್ಲುಗಾವಲು ತಾನೇ ಒಂದು ಹಳೆಯ, ಪೂರ್ಣವಾದ ಜೀವಲೋಕ. ಕೃಷ್ಣಮೃಗ, ತೋಳ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಬದುಕುವುದು ಅಲ್ಲಿ. ಮಳೆನೀರು ಇಂಗುವುದು, ಇಂಗಾಲ ಮಣ್ಣಿನೊಳಗೆ ನಿಲ್ಲುವುದು ಅದರ ಬೇರುಗಳಿಂದ. ಕಂದಾಯ ಇಲಾಖೆಯ ಪಟ್ಟಿಯಲ್ಲಿ ಇವು ಯಾವುದಕ್ಕೂ ಕಾಲಂ ಇಲ್ಲ.

2014ರ ಆಗಸ್ಟ್ 27ರಂದು ತೀರ್ಪು ಬಂತು. ನ್ಯಾಯಮಂಡಳಿ ಯೋಜನೆಗಳನ್ನು ರದ್ದು ಮಾಡಲಿಲ್ಲ. ಪರಿಸರಕ್ಕೆ ಸಂಬಂಧಿಸಿದ ಅನುಮತಿ, ಷರತ್ತುಗಳನ್ನು ಪಾಲಿಸಬೇಕೆಂಬುದರ ಮೇಲೆ ಒತ್ತು ಕೊಟ್ಟಿತು. ನೆಲ ಕೊಟ್ಟ ಆದೇಶಗಳು ಉಳಿದವು, ಗೋಡೆಯೂ ಉಳಿಯಿತು. ಹೋರಾಟಕ್ಕೆ ಇದು ದೊಡ್ಡ ತಿರುವು. ಆ ಮೇಲೆ ಪ್ರಶ್ನೆ ಸಂಸ್ಥೆಗಳು ಬರಬೇಕೋ ಬೇಡವೋ ಎಂಬುದರಿಂದ, ಬಂದ ಸಂಸ್ಥೆಗಳು ಸುತ್ತಲಿನ ಜನರೊಡನೆ ಹೇಗೆ ಬಾಳುತ್ತವೆ ಎಂಬುದಕ್ಕೆ ಹೊರಳಿತು.

ಬಂದದ್ದು ಮತ್ತು ಹೋದದ್ದು

2016ರ ನವೆಂಬರ್ 16ರಂದು ತಪಸ್ ಎಂಬ ಮಾನವರಹಿತ ವಿಮಾನ ಚಳ್ಳಕೆರೆಯ ರನ್‌ವೇಯಿಂದ ಮೊದಲ ಬಾರಿ ಹಾರಿತು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ವೈಮಾನಿಕ ಪರೀಕ್ಷಾ ವಲಯವನ್ನು ಉದ್ಘಾಟಿಸಿದರು. 2022ರ ಜುಲೈ 1ರಂದು ಬಾಲವಿಲ್ಲದ, ಬರೀ ರೆಕ್ಕೆಯ ಆಕಾರದ ಸ್ವಯಂಚಾಲಿತ ವಿಮಾನ ಇಲ್ಲಿಂದಲೇ ಏರಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿ ರನ್‌ವೇಗೆ ಇಳಿಯಿತು. ಪುಷ್ಪಕ ಎಂಬ ಹೆಸರಿನ ಆ ಸರಣಿಯ ಮುಂದಿನ ಎರಡು ಪ್ರಯೋಗಗಳು 2024ರ ಮಾರ್ಚ್ 22 ಮತ್ತು ಜೂನ್ 23ರಂದು ಗೆದ್ದವು. ರಾಕೆಟ್ಟನ್ನು ಮತ್ತೆ ಮತ್ತೆ ಬಳಸುವ ಭಾರತದ ಪ್ರಯತ್ನದಲ್ಲಿ ಚಿತ್ರದುರ್ಗದ ಹೆಸರು ಗಟ್ಟಿಯಾಗಿ ಸೇರಿಕೊಂಡದ್ದು ಹೀಗೆ. ಇದು ಹೆಮ್ಮೆಪಡಬೇಕಾದ ಸಾಧನೆ.

ಕುದಾಪುರದ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಸಂಸ್ಥೆ ಶಾಲಾ ಕಾಲೇಜು ಶಿಕ್ಷಕರಿಗೆ ತರಬೇತಿ ಕೊಡುವ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ನಡೆಸುತ್ತಿದೆ. ಹಳ್ಳಿಯ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವ ಶಿಕ್ಷಕರೊಬ್ಬರು ಇಲ್ಲಿ ಪ್ರಯೋಗ ಮಾಡಿ ಕಲಿತು ಊರಿಗೆ ಮರಳಿದರೆ ಅದರ ಫಲ ನೂರಾರು ಮಕ್ಕಳಿಗೆ ಮುಟ್ಟುತ್ತದೆ. ಎಚ್‌ಎಎಲ್ ಜೊತೆಗೂಡಿ ಕಟ್ಟಿದ ಕೌಶಲ ಕೇಂದ್ರವೂ ಅಲ್ಲಿದೆ. ಸಂಸ್ಥೆ ಈ ಸೀಮೆಗೆ ನೇರವಾಗಿ ಹಿಂದಿರುಗಿಸಿದ ದೊಡ್ಡ ಕೊಡುಗೆ ಇದು.

ಹಾರಾಟದ ನೆಲದ ಸುತ್ತ ಬದುಕುವುದಕ್ಕೆ ಬೇರೆ ಬೆಲೆಯೂ ಇದೆ. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಬಳಿಯ ಜಮೀನಿನಲ್ಲಿ ಡ್ರೋನ್ ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲೂಕಿನ ವದ್ದಿಕೆರೆ ಬಳಿ ಇನ್ನೊಂದು ಬಿತ್ತು. ಎರಡೂ ಸಲ ಜನ ಗುಂಪುಗೂಡಿ ನೋಡಿದ್ದು ತಮ್ಮ ಹೊಲದಲ್ಲಿ ಮುರಿದುಬಿದ್ದ ರೆಕ್ಕೆಯನ್ನು. ಹೊಸದನ್ನು ಪರೀಕ್ಷಿಸುವಾಗ ವಿಮಾನ ಬೀಳುವುದುಂಟು. ಅದು ಯಾರ ತಲೆಯ ಮೇಲೆ ಹಾರುತ್ತಿದೆಯೋ ಅವರಿಗೆ ಎಲ್ಲವನ್ನೂ ಮುಂಚಿತವಾಗಿ ತಿಳಿಹೇಳುವುದು ಕಡ್ಡಾಯವಾಗಬೇಕು. ಯುರೇನಿಯಂ ಸಮೃದ್ಧಗೊಳಿಸುವ ಕೇಂದ್ರ ಬರಲಿರುವ ಉಳ್ಳಾರ್ತಿ ಕಡೆಯ ಜನರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ನೆಲದ ಹೊಸ ಉಪಯೋಗವಲ್ಲ, ಹಳೆಯದನ್ನು ಎಣಿಸದೆ ಬಿಟ್ಟದ್ದು. ಸೇನೆಗಾಗಿ ಕಾಯ್ದಿಟ್ಟ ನೆಲ ಮತ್ತೆ ರಕ್ಷಣೆಯ ಕೆಲಸಕ್ಕೆ ಹೋದದ್ದರಲ್ಲಿ ಚರಿತ್ರೆಯ ಒಂದು ನಿರಂತರತೆ ಕಾಣುತ್ತದೆ. ಟಿಪ್ಪುವಿನ ಹುಕುಂನಾಮೆಯೂ ಸರ್ಕಾರದ ಆದೇಶ, 2009ರದ್ದೂ ಸರ್ಕಾರದ ಆದೇಶ. ಆದರೆ ಹಿಂದಿನ ಸೇನೆಗೆ ಹುಲ್ಲು ಬೇಕಿತ್ತು. ಆದ್ದರಿಂದ ಹುಲ್ಲು ಉಳಿಯಿತು, ಹುಲ್ಲಿನ ಜೊತೆ ಜನರ ಬದುಕೂ ಉಳಿಯಿತು. ಈಗಿನ ಸಂಸ್ಥೆಗಳಿಗೆ ಬೇಕಾದದ್ದು ವಿಸ್ತಾರ ಮಾತ್ರ. ರನ್‌ವೇ, ಕಟ್ಟಡ, ಭದ್ರತೆಗೆ ಬೇಕಾದ ಅಂತರ ಬಿಟ್ಟ ಮೇಲೂ ಗೋಡೆಯೊಳಗೆ ಹುಲ್ಲು ಇರುತ್ತದೆ. ಅಪಾಯವಿಲ್ಲದ ಭಾಗದಲ್ಲಿ ಋತುಮಾನಕ್ಕೆ ತಕ್ಕಂತೆ ಮೇವು ಕೊಯ್ಯಲು ಹಳ್ಳಿಗಳಿಗೆ ಅವಕಾಶ ಕೊಡುವುದು ಆಗದ ಕೆಲಸವಲ್ಲ. ಹುಲ್ಲುಗಾವಲನ್ನೇ ಓದುವ ವಿಜ್ಞಾನಿಗಳನ್ನು ಅಲ್ಲಿ ನೆಲೆಗೊಳಿಸುವುದೂ ಆಗದ ಕೆಲಸವಲ್ಲ. ಆ ಕಾವಲನ್ನು ತಲೆಮಾರುಗಳಿಂದ ಬಲ್ಲ ಕುರಿಗಾಹಿಗಳು ಗೋಡೆಯಾಚೆಗೇ ಇದ್ದಾರೆ.

ಬೇರೆ ದಾರಿಯೂ ಇತ್ತೆಂಬುದಕ್ಕೆ ದೂರ ಹೋಗಬೇಕಿಲ್ಲ. ಹೊಸದುರ್ಗದ ಗಡಿಯಾಚೆ, ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲೂಕಿನಲ್ಲಿರುವ ಬಾಸೂರು ಅಮೃತಮಹಲ್ ಕಾವಲನ್ನು ಸರ್ಕಾರ 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿತು. ಚಳ್ಳಕೆರೆಯ ಕಾವಲುಗಳು ಸಂಸ್ಥೆಗಳಿಗೆ ಹೋದದ್ದೂ ಅದೇ ವರ್ಷಗಳಲ್ಲಿ. ಒಂದೇ ಚರಿತ್ರೆಯ ಎರಡು ಕಾವಲುಗಳು, ಒಂದೇ ರಾಜ್ಯ ಸರ್ಕಾರ. ಒಂದರಲ್ಲಿ ಕೃಷ್ಣಮೃಗ ಕಂಡಿತು, ಇನ್ನೊಂದರಲ್ಲಿ ಖಾಲಿ ಜಾಗ ಕಂಡಿತು.

ಅಮೃತಮಹಲ್ ಕಾವಲುಗಳಲ್ಲಿ ಈಗ ಉಳಿದಿರುವುದು ಅಲ್ಪ. ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು, ಹಾಸನದ ಕಡೆ ಅವು ಚದುರಿಹೋಗಿವೆ. ಇನ್ನೊಂದು ದೊಡ್ಡ ಸಂಸ್ಥೆ ನೆಲ ಕೇಳಿಕೊಂಡು ಬರುತ್ತದೆ, ಇನ್ನೊಂದು ಜಿಲ್ಲೆ ಪೈಪೋಟಿಗಿಳಿಯುತ್ತದೆ, ಅದರಲ್ಲಿ ತಪ್ಪಿಲ್ಲ. ಆದೇಶಕ್ಕೆ ರುಜು ಬೀಳುವ ಮೊದಲು ಸುತ್ತಲಿನ ಗ್ರಾಮಸಭೆಗಳನ್ನು ಕರೆದು ಕೇಳಬೇಕು. ಅಲ್ಲಿ ಮೇಯುವ ಕುರಿ ದನಗಳನ್ನೂ ಅಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನೂ ಎಣಿಸಬೇಕು. ಕಳೆದುಕೊಳ್ಳುವ ಮೇವಿಗೆ ಬದಲಿ ಮೇವಿನ ನೆಲವನ್ನು ಕಾಗದದಲ್ಲಿ ಬರೆದುಕೊಡಬೇಕು. 1860ರಲ್ಲಿ ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ಬ್ರಿಟಿಷರಿಗೆ ಆರು ವರ್ಷ ಸಾಕಾಯಿತು, ಏಕೆಂದರೆ ದನ ಹೋದರೂ ಹುಲ್ಲುಗಾವಲು ಇತ್ತು. ಹುಲ್ಲುಗಾವಲೇ ಹೋದ ಮೇಲೆ ಅಂಥ ಅವಕಾಶ ಯಾವ ಸರ್ಕಾರಕ್ಕೂ ಸಿಗುವುದಿಲ್ಲ.